ಸಂಜೆ ಹೊತ್ತು ಕಾಲು ಚಾಚ್ಕೊಂಡು ಕೇಳೋಕೆ ಒಂದು ಜಾಝ್ ಆಲ್ಬಂ: ಎಲಿಂಗ್ಟನ್ ಮತ್ತೆ ಹಾಕಿನ್ಸ್, 1962

ಕುಕ್ಕರಹಳ್ಳಿ ಏರಿ

ಹೋದ ವಾರ ಈ ಫೋರಂನಲ್ಲಿ ಒಬ್ರು ಕೇಳಿದ್ರು, ಜಾಝ್ ಅಂದ ತಕ್ಷಣ ತಲೆ ಕೆಡ್ಸೋ ಅಂಥದ್ದನ್ನೇ ಯಾಕೆ ಕೈಗೆ ಕೊಡ್ತೀರಪ್ಪಾ, ಆಫೀಸ್ ಮುಗ್ಸಿ ಬಂದು ಷರ್ಟ್ ಬಿಚ್ಚಿ ಕೂತು ಕೇಳೋಂಥದ್ದು, ಹಳೇ ಪಿಯಾನಿಸ್ಟ್ ಒಬ್ರು ಸಣ್ಣ ಗುಂಪಿನ ಜೊತೆ ನುಡ್ಸಿದ್ದು, ಒಂದಾದ್ರೂ ಇಲ್ವಾ ಅಂತ. ಅವತ್ತು ಮೊಬೈಲಲ್ಲಿ ಕುಟ್ಟೋಕೆ ಬೇಜಾರಾಗಿ ಬಿಟ್ಬಿಟ್ಟೆ. ಇವತ್ತು ಹೊರಗಡೆ ಮಳೆ, ಆದ್ರೂ ಕರೆಂಟ್ ಇದೆ, ಅದಕ್ಕೇ ಕೂತು ಬರೀತಿದೀನಿ.

'ಡ್ಯೂಕ್ ಎಲಿಂಗ್ಟನ್ ಮೀಟ್ಸ್ ಕೋಲ್ಮನ್ ಹಾಕಿನ್ಸ್'. 1962ರ ಆಗಸ್ಟ್ 18ನೇ ತಾರೀಕು ಒಂದೇ ದಿನದಲ್ಲಿ ರೆಕಾರ್ಡ್ ಆಗಿದ್ದು, ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ, ಇಂಪಲ್ಸ್ ಲೇಬಲ್‌ಗೆ. ಪಿಯಾನೋ ಎಲಿಂಗ್ಟನ್, ಅಮೆರಿಕದ ದೊಡ್ಡ ಜಾಝ್ ಬ್ಯಾಂಡೊಂದರ ಯಜಮಾನರು, ಆಗ 63 ವರ್ಷ. ಟೆನರ್ ಸ್ಯಾಕ್ಸೋಫೋನ್ ಹಾಕಿನ್ಸ್, 57. ಇಬ್ರೂ ಒಟ್ಟಿಗೆ ಒಂದು ರೆಕಾರ್ಡ್ ಮಾಡ್ಬೇಕು ಅಂತ ಸುಮಾರು 20 ವರ್ಷದಿಂದ ಮಾತಾಡ್ಕೊಂಡೇ ಇದ್ರಂತೆ, ನಮ್ಮ ನೆಂಟರು ಮದುವೆ ಮನೇಲಿ ಸಿಕ್ಕಾಗೆಲ್ಲ "ಒಂದ್ಸಲ ಬನ್ರೀ ಮೈಸೂರಿಗೆ" "ನೀವೇ ಬನ್ರೀ" ಅಂತಾರಲ್ಲ ಹಂಗೆ. ಕೊನೆಗೂ ಬಂದ್ರು. ಎಲಿಂಗ್ಟನ್ ತಮ್ಮ ದೊಡ್ಡ ಬ್ಯಾಂಡ್ ಪೂರ್ತಿ ಕಟ್ಕೊಂಡು ಬರ್ಲಿಲ್ಲ, ಆರೇ ಜನಾನ ಆರಿಸ್ಕೊಂಡು ಬಂದ್ರು. ಆಲ್ಟೋ ಸ್ಯಾಕ್ಸ್ ಜಾನಿ ಹಾಡ್ಜಸ್, ಬ್ಯಾರಿಟೋನ್ ಹ್ಯಾರಿ ಕಾರ್ನಿ, ಟ್ರಾಂಬೋನ್ ಲಾರೆನ್ಸ್ ಬ್ರೌನ್, ಕಾರ್ನೆಟ್ಟು ಪಿಟೀಲು ಎರಡೂ ರೇ ನ್ಯಾನ್ಸ್, ಬೇಸ್ ಆರನ್ ಬೆಲ್, ಡ್ರಮ್ಸ್ ಸ್ಯಾಮ್ ವುಡ್‌ಯಾರ್ಡ್. ಈ ಆರು ಜನದಲ್ಲಿ ಕೆಲವರು ಎಲಿಂಗ್ಟನ್ ಜೊತೆ 30 ವರ್ಷದ ಮೇಲಿಂದ ಇದ್ದೋರು, ಕಾರ್ನಿ 1927ರಲ್ಲಿ ಸೇರಿದ್ದು, ಹಾಡ್ಜಸ್ 1928. ನಡುವೆ ಹಾಡ್ಜಸ್ ಮುನಿಸ್ಕೊಂಡೋ ಏನೋ ಕೆಲವು ವರ್ಷ ಹೊರಗೆ ಹೋಗಿ ಬಂದ್ರು, ಅದಿರ್ಲಿ.

ಕೇಳೋ ರೀತಿ ಹೇಳ್ತೀನಿ. ಎರಡನೇ ಹಾಡು 'ಮೂಡ್ ಇಂಡಿಗೋ' ಹಾಕಿ. ಹಾಕಿನ್ಸ್ ಶುರು ಮಾಡಿದ್ಮೇಲೆ ಅವರನ್ನ ಕೇಳ್ಬೇಡಿ! ಅವರು ಎಲ್ಲೂ ಹೋಗಲ್ಲ, ಮೆಲ್ಲಗೆ ಊದ್ತಾನೇ ಇರ್ತಾರೆ. ಅವರ ಬೆನ್ನ ಹಿಂದೆ ಪಿಯಾನೋ ಏನ್ ಮಾಡ್ತಿದೆ ಅಂತ ಕೇಳಿ. ಸುಮ್ನೆ ಇರತ್ತೆ, ಇರತ್ತೆ, ಆಮೇಲೆ ಎಲ್ಲಿಂದಲೋ ಒಂದು "ಢಣ್", ಎಡಗೈಯಿಂದ, ಕೆಳಗಿನ ಸ್ವರಗಳಲ್ಲಿ, ಅಷ್ಟೇ. ಮನೆ ಯಜಮಾನರು ಬಂದೋರನ್ನ ಮಾತಾಡ್ಸೋಕೆ ಬಿಟ್ಟು ತಾವು ನಡುನಡುವೆ "ಹೂಂ, ಆಮೇಲೆ?" ಅಂತಾರಲ್ಲ, ಆ ಢಣ್ ಅದೇ. ನನಗೆ ಈ ಆಲ್ಬಂ ಇಷ್ಟ ಆಗಿರೋದೇ ಆ "ಆಮೇಲೆ?"ಗೆ.

ನಾನು ಮೊದ್ಲು ಕೇಳಿದ್ದು ಜಯಲಕ್ಷ್ಮೀಪುರಂನಲ್ಲಿ ಫ್ರೆಂಡ್ ಮನೇಲಿ, ಅವನ ಸೋದರಮಾವ ಬಿಟ್ಟೋಗಿದ್ದ ಸಿಡಿ. ಕೊನೇಲಿ 'ಸಾಲಿಟ್ಯೂಡ್' ಅಂತ ಒಂದಿದೆ, ಅದು ಹಳೇ ಎಲ್‌ಪಿಲಿ ಇರ್ಲಿಲ್ಲ, ಸಿಡಿಗೆ ಸೇರ್ಸಿದ್ದು. ಹುಡುಕೋವಾಗ ಅದಿರೋದನ್ನೇ ನೋಡ್ಕೊಳಿ.

ಸೂಜಿ ಮುಳ್ಳು

ಆಲ್ಬಂ ಚೆನ್ನಾಗಿದೆ, ಅದ್ರಲ್ಲಿ ತಕರಾರಿಲ್ಲ. ಆದ್ರೆ ಕೇಳಿದ್ದು ಪಿಯಾನಿಸ್ಟ್ ಆಲ್ಬಂ, ಇವರು ಕೊಟ್ಟಿದ್ದು ಸ್ಯಾಕ್ಸೋಫೋನ್ ಆಲ್ಬಂ. ಎಲಿಂಗ್ಟನ್ ಇದ್ರಲ್ಲಿ ಸೋಲೋ ಅಂತ ನುಡ್ಸಿದ್ದೆಷ್ಟು? ಬೆರಳೆಣಿಕೆ. ಅವರ ಕೈ ನೋಡ್ಬೇಕು ಅಂದ್ರೆ 'ಮನಿ ಜಂಗಲ್' ಕೇಳಿ. ಅದೂ ಅದೇ ವರ್ಷ, ಸೆಪ್ಟೆಂಬರ್ 17, ಬೇಸ್ ಚಾರ್ಲ್ಸ್ ಮಿಂಗಸ್, ಡ್ರಮ್ಸ್ ಮ್ಯಾಕ್ಸ್ ರೋಚ್, ಮೂರೇ ಜನ. ಅದಾದ್ಮೇಲೆ ಸೆಪ್ಟೆಂಬರ್ 26ಕ್ಕೆ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಜೊತೆ ಇನ್ನೊಂದು, ಅದು ಮತ್ತೆ ಇದೇ ವ್ಯಾನ್ ಗೆಲ್ಡರ್ ಸ್ಟುಡಿಯೋ. ಲೆಕ್ಕ ಹಾಕಿ, ಆಗಸ್ಟ್ 18ರಿಂದ 39 ದಿನ. 39 ದಿನದಲ್ಲಿ ಬೇರೆ ಬೇರೆ ಥರದೋರ ಜೊತೆ ಮೂರು ಆಲ್ಬಂ, ಅವರದ್ದೇ ವಯಸ್ಸಿನ ಹಾಕಿನ್ಸ್, ನಡುವಯಸ್ಸಿನ ಮಿಂಗಸ್ಸು ರೋಚು, ಆಗ ತಾನೇ 36 ತುಂಬಿದ್ದ ಕೋಲ್ಟ್ರೇನ್.

ಮಿಂಗಸ್ ಒಂದು ಕಾಲದಲ್ಲಿ ಎಲಿಂಗ್ಟನ್ ಬ್ಯಾಂಡಿಂದ ಆಚೆ ಹಾಕಿಸ್ಕೊಂಡಿದ್ದೋರು, 1953ರಲ್ಲಿ. ಆ ಟೆನ್ಷನ್ ರೆಕಾರ್ಡಲ್ಲೇ ಕೇಳ್ಸತ್ತೆ.

ಕುಕ್ಕರಹಳ್ಳಿ ಏರಿ

ಸೂಜಿಯವರೇ, ಕೇಳಿದ್ದು ಕಾಲು ಚಾಚ್ಕೊಂಡು ಕೇಳೋಕೆ. ಮನಿ ಜಂಗಲ್ ಹಾಕಿದ್ರೆ ಚಾಚಿದ ಕಾಲು ತಾನಾಗೇ ಮಡಿಸ್ಕೊಳತ್ತೆ, ಪಕ್ಕದ ಮನೇಲಿ ಗಂಡ ಹೆಂಡ್ತಿ ಜಗಳ ಆಡೋವಾಗ ಟೀವಿ ವಾಲ್ಯೂಮ್ ಕಮ್ಮಿ ಮಾಡಿ ಕೇಳ್ತೀವಲ್ಲ ಆ ಥರ. ಒಳ್ಳೇದೇ, ಆದ್ರೆ ಸಂಜೆಗಲ್ಲ.

ಮಂಡ್ಯ ಬೆಲ್ಲದಚ್ಚು

ಅಣ್ಣೋ ನೀವೇಳಿದ್ದು ಕೇಳ್ದೆ ಕನಣ್ಣ. ನಂಗೆ ಈ ಜಾಜು ಪಾಜು ಏನೂ ಗೊತ್ತಿಲ್ಲ, ನಮ್ದು ಆಲೆಮನೆ, ರಾತ್ರಿ ಎಲ್ಲ ಕೊಪ್ಪರಿಗೆ ಕಾಯ್ಕಂಡು ಕುಂತಿರ್ಬೇಕು, ನಿದ್ದೆ ಬರ್ಬಾರ್ದು ಅಂತ ಫೋನಲ್ಲಿ ಏನಾರ ಹಾಕಿರ್ತೀನಿ. ಮೊದ್ಲ್ನೇದು ಹಾಕ್ದೆ, ಯಾರೋ ಹಿಂದ್ಗಡೆ ಗೊಣಗ್ತಾ ಅವ್ರೆ, ಫೋನಿನ ಸ್ಪೀಕ್ರು ಹೋಯ್ತೇನೋ ಅಂತ ಬಡಿದೆ. ಆಮೇಲೆ ನೋಡುದ್ರೆ ಪಾಟಲ್ಲೇ ಐತೆ. ಅದ್ಯಾರಣ್ಣ?

ಕುಕ್ಕರಹಳ್ಳಿ ಏರಿ

ಹಹ್ಹಾ, ಅದು 'ಲಿಂಬೋ ಜಾಝ್'. ಗೊಣಗ್ತಿರೋರು ಡ್ರಮ್ಸ್ ವುಡ್‌ಯಾರ್ಡ್. ಬಾರಿಸ್ತಾ ಬಾರಿಸ್ತಾ ಖುಷಿಗೆ ಹಾಡ್ಕೊಂಡಿದಾರೆ, ಮೈಕ್ ಹಿಡ್ಕೊಂಡ್ಬಿಟ್ಟಿದೆ, ತೆಗೆಯೋ ಗೋಜಿಗೂ ಯಾರೂ ಹೋಗಿಲ್ಲ. ಈಗಿನ ಕಾಲ ಆಗಿದ್ರೆ ಸಾಫ್ಟ್‌ವೇರಲ್ಲಿ ಉಜ್ಜಿ ಅಳಿಸಿರೋರು.

ಮಂಡ್ಯ ಬೆಲ್ಲದಚ್ಚು

ಅದೇ ಚೆಂದ ಬುಡಣ್ಣ. ನಮ್ತಾವ ಪಾಕ ತಿರುವೋ ಅಣ್ಣಯ್ಯನೂ ಇಂಗೇಯ, ಹದ ಬರೋ ಟೇಮಲ್ಲಿ ಗುನುಗ್ತನೆ, ಅವ್ನು ಗುನುಗ್ಲಿಲ್ಲ ಅಂದ್ರೆ ನಂಗೆ ಬಯ ಆಯ್ತದೆ, ಪಾಕ ಏನೋ ಯಡವಟ್ಟಾಗೈತೆ ಅಂತ.

ವೀಣೆ ಮನೆ

ಏರಿಯವರೇ, ನೀವು ಬರ್ದಿದ್ದು ಓದಿ ಎರಡು ದಿನ ಸಂಜೆ ಕೇಳ್ದೆ, ಪಾಠ ಮುಗ್ಸಿ ಹುಡುಗ್ರು ಹೋದ್ಮೇಲೆ. ನಾನು ಅಗ್ರಹಾರದಲ್ಲಿ ಬೆಳೆದೋಳು, ಕಿವಿ ಪೂರ್ತಿ ನಮ್ಮ ಸಂಗೀತದ್ದು, ಅದಕ್ಕೇ ತಪ್ಪಿದ್ರೆ ತಿದ್ದಿ.

ಮೊದಲನೇ ಸಲ ಪಿಯಾನೋನ ಪಕ್ಕವಾದ್ಯ ಅಂದ್ಕೊಂಡು ಕೇಳ್ದೆ, ಸರಿಹೋಗ್ಲಿಲ್ಲ. ನಮ್ಮಲ್ಲಿ ಪಿಟೀಲಿನೋರು ಹಾಡೋರ ನೆರಳು ಥರ ಹೋಗ್ತಾರೆ, ಹಾಡಿದ ಸಂಗತಿ ವಾಪಸ್ ಕೊಡ್ತಾರೆ, ಆಲಾಪನೆ ಆದ್ಮೇಲೆ ಅವರದ್ದೊಂದು ಸುತ್ತು. ಇವರು ಒಂದು ಸಲಾನೂ ಹಾಕಿನ್ಸ್ ಊದಿದ್ದನ್ನ ವಾಪಸ್ ನುಡ್ಸಲ್ಲ. ಹಾಗಾದ್ರೆ ಇದೇನು ಅಂತ ಯೋಚ್ನೆ ಆಯ್ತು. ಎರಡನೇ ದಿನ ಹೊಳೀತು, ಇದು ಪಿಟೀಲಲ್ಲ, ಮೃದಂಗ. ವಿಳಂಬದಲ್ಲಿ ಒಂದು ಕೀರ್ತನೆ ಹೋಗ್ತಿರತ್ತೆ, ಒಳ್ಳೇ ಮೃದಂಗದೋರು ಸಾಹಿತ್ಯ ಇರೋ ಕಡೆ ಬೆರಳಾಡ್ಸೋದೇ ಇಲ್ಲ, ಸಾಲು ಮುಗ್ದು ಒಂಚೂರು ಜಾಗ ಬಿತ್ತಲ್ಲ, ಅಲ್ಲಿ ಎಡಗಡೆ ತೊಪ್ಪಿಯಿಂದ ಒಂದು ಗುಮಕಿ ಕೊಟ್ಟು ಕೈ ಎತ್ತಿಬಿಡ್ತಾರೆ. ಎಲಿಂಗ್ಟನ್ ಢಣ್ ಅನ್ನೋದು ಆ ಗುಮಕಿ.

ಇನ್ನೊಂದು, ಆಲ್ಟೋ ಊದ್ತಾರಲ್ಲ ಹಾಡ್ಜಸ್ ಅನ್ನೋರು, ಅವರ ಜಾರು! ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತೋದಿಲ್ಲ, ಎಣ್ಣೆ ಹಚ್ಚಿದ ಹಾಗೆ ಜಾರ್ಕೊಂಡು ಹೋಗ್ತಾರೆ. ನಮ್ಮ ಮೈಸೂರು ವೀಣೆ ಬಾನಿಲಿ ದೊರೆಸ್ವಾಮಿ ಅಯ್ಯಂಗಾರ್ ಅವರ ರೆಕಾರ್ಡಿಂಗ್ ಕೇಳಿದೋರಿಗೆ ಗೊತ್ತು, ಗಡಿಬಿಡಿ ಅನ್ನೋದೇ ಇರಲ್ಲ, ಮೀಟು ಎಷ್ಟು ಬೇಕೋ ಅಷ್ಟೇ, ಒಂದು ಮೀಟಿಂದ ಹುಟ್ಟಿದ ನಾದ ಸಾಯೋವರೆಗೂ ಕಾಯೋ ತಾಳ್ಮೆ. ಅದೇ ತಾಳ್ಮೆ ಇಲ್ಲಿ ಸಿಕ್ತು ನಂಗೆ.

ಒಂದೇ ಕಷ್ಟ, ಶ್ರುತಿ ಎಲ್ಲಿ ನಿಲ್ತಿದೆ ಅಂತ ಗೊತ್ತಾಗಲ್ಲ. ಕಾಲ ಕೆಳಗಿನ ಜಮಖಾನೆ ಯಾರೋ ಎಳೀತಾ ಇದ್ದ ಹಾಗೆ.

ಕುಕ್ಕರಹಳ್ಳಿ ಏರಿ

ಮೇಡಂ, ತಿದ್ದೋಕೇನಿದೆ, ನಾನು ಹತ್ತು ವರ್ಷ ಕೇಳಿ ಹೇಳಕ್ಕಾಗದಿದ್ದದ್ದನ್ನ ನೀವು ಎರಡು ದಿನದಲ್ಲಿ ಹೇಳಿದ್ರಿ. ಗುಮಕಿ ಅನ್ನೋ ಪದ ಇನ್ನು ನಂದೂ.

ಜಮಖಾನೆ ವಿಷಯ. ಅದು ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡ್ಸೋ ಸ್ವರಗಳ ಗುಂಪು, ಬದಲಾಗೋದು, ನಮ್ಮ ತಂಬೂರಿ ಥರ ಒಂದೇ ಆಧಾರ ಅವರಿಗಿಲ್ಲ. ಆದ್ರೆ ಸುಮ್ಸುಮ್ನೆ ಬದಲಾಗಲ್ಲ, ಒಂದು ಆವರ್ತ ಇರತ್ತೆ. 'ವಾಂಡರ್‌ಲಸ್ಟ್' ಹಾಕಿ, ಅದು ನಿಧಾನದ ಬ್ಲೂಸ್. ಬ್ಲೂಸ್ ಅಂದ್ರೆ ಸಾಮಾನ್ಯವಾಗಿ 12 ಬಾರ್, ಒಂದೊಂದರಲ್ಲಿ ನಾಲ್ಕು ಎಣಿಕೆ, ಒಟ್ಟು 48. ಆದಿ ತಾಳದಲ್ಲಿ ಎಣಿಸಿದ್ರೆ ಸರಿಯಾಗಿ ಆರು ಆವರ್ತ. ಮೊದಲ ಎರಡು ಆವರ್ತ ಕಾರ್ಡ್ ಮನೇಲೇ ಇರತ್ತೆ, ಮೂರನೇದು ಶುರುವಾದಾಗ ಬೀದಿ ಕೊನೆವರೆಗೆ ಹೋಗತ್ತೆ, ನಾಲ್ಕರಲ್ಲಿ ವಾಪಸ್, ಐದರಲ್ಲಿ ಸರ್ಕಲ್‌ವರೆಗೆ ಹೋಗಿ ಆರರಲ್ಲಿ ಮನೆ ಸೇರತ್ತೆ. ಬೆರಳು ಮಡಿಸ್ಕೊಂಡು ಒಂದ್ ನಾಲ್ಕು ಸಲ ಎಣಿಸಿ, ಜಮಖಾನೆ ನಿಲ್ಲತ್ತೆ.

ಲೂನಾ 96

ಗುರು ಇದು ಓದೋವಾಗ ಬ್ಯಾಕ್‌ಗ್ರೌಂಡಲ್ಲಿ ಹಾಕ್ಕೊಬೋದಾ? ಲೋಫೈ ಪ್ಲೇಲಿಸ್ಟ್ ಕೇಳಿ ಕೇಳಿ ಬೋರಾಗಿದೆ, ಎಲ್ಲಾ ಒಂದೇ ಥರ. ಇಂಟರ್ನಲ್ಸ್ ಇದೆ ಸೋಮವಾರ.

ಸೂಜಿ ಮುಳ್ಳು

ಓದೋವಾಗ ಬೇಡ. ಎರಡೂ ಕೆಡತ್ತೆ.

ಕುಕ್ಕರಹಳ್ಳಿ ಏರಿ

ಹಾಕ್ಕೊಳೋ ಮಾರಾಯ, ಯಾರೇನು ಪರೀಕ್ಷೆ ಮಾಡಲ್ಲ. 'ಸೆಲ್ಫ್ ಪೋರ್ಟ್ರೇಟ್ ಆಫ್ ದ ಬೀನ್' ಬಂದಾಗ ಮಾತ್ರ ಪುಸ್ತಕ ಮಡಚಿಡು. ಬೀನ್ ಅನ್ನೋದು ಹಾಕಿನ್ಸ್ ಅಡ್ಡಹೆಸ್ರು. ಎಲಿಂಗ್ಟನ್ನೂ ಅವರ ಜೊತೆ ಸಂಗೀತ ಕಟ್ತಿದ್ದ ಬಿಲ್ಲಿ ಸ್ಟ್ರೇಹಾರ್ನೂ ಸೇರಿ ಅವರಿಗೋಸ್ಕರ ಅಂತಾನೇ ಕಟ್ಟಿದ ಹಾಡು. ಕನ್ನಡದಲ್ಲಿ ಹುರುಳೀಕಾಯಿಯ ಸ್ವಂತ ಚಿತ್ರ ಅಂತ ಆಗತ್ತೆ, ನಗ್ಬೇಡ, ಕೇಳು.

ಹಳೇ ಕ್ಲ್ಯಾರಿನೆಟ್

ಎಲ್ಲರಿಗೂ ನಮಸ್ಕಾರ. ಮಗಳು ಈ ಚರ್ಚೆ ತೋರಿಸಿದಳು, ಅವಳೇ ಟೈಪ್ ಮಾಡ್ತಾ ಇದ್ದಾಳೆ, ನಾನು ಹೇಳ್ತಾ ಇದ್ದೀನಿ. ನಾನು ಬ್ಯಾಂಡಿನಲ್ಲಿ ಕ್ಲ್ಯಾರಿನೆಟ್ ಊದಿದವನು, ದಸರಾಕ್ಕೆ ಜಂಬೂ ಸವಾರಿ ಮುಂದೆ ಬಿಸಿಲಲ್ಲಿ ನಡ್ಕೊಂಡು ಬನ್ನಿಮಂಟಪದವರೆಗೂ ಎಷ್ಟು ವರ್ಷ ಹೋದೆನೋ ಲೆಕ್ಕ ಇಲ್ಲ.

ಮೂಡ್ ಇಂಡಿಗೋ ಬಗ್ಗೆ ಒಂದು ಮಾತು. ಅದು 1930ರ ಹಾಡು. ಆಗ ಬ್ಯಾಂಡ್ ಬರೆಯೋರ ಪದ್ಧತಿ ಏನು ಅಂದ್ರೆ ಕ್ಲ್ಯಾರಿನೆಟ್ ಮೇಲೆ, ಟ್ರಂಪೆಟ್ ನಡುವೆ, ಟ್ರಾಂಬೋನ್ ಕೆಳಗೆ. ನಾವೂ ಹಾಗೇ ಊದಿದ್ದು ಜೀವನ ಪೂರ್ತಿ. ಎಲಿಂಗ್ಟನ್ ಏನು ಮಾಡಿದರು, ಟ್ರಂಪೆಟ್ಟಿಗೂ ಟ್ರಾಂಬೋನಿಗೂ ಸದ್ದು ಮೆತ್ತಗೆ ಮಾಡೋ ಮ್ಯೂಟ್ ಸಿಗಿಸಿ ಮೇಲೆ ಕೂರಿಸಿದರು, ಟ್ರಾಂಬೋನಿಗೆ ಅದರ ಮೇಲಿನ ಸ್ವರ. ಕ್ಲ್ಯಾರಿನೆಟ್ಟನ್ನ ತಗೊಂಡು ಹೋಗಿ ಬುಡಕ್ಕೆ ಹಾಕಿದರು, ಎಲ್ಲಕ್ಕಿಂತ ಕೆಳಗೆ. ಕ್ಲ್ಯಾರಿನೆಟ್ಟಿನ ತಳದ ಸ್ವರಗಳಿಗೆ ಒಂದು ಮರದ ವಾಸನೆ ಇರತ್ತೆ, ಹಳೇ ಬೀರು ಬಾಗಿಲು ತೆಗೆದ ಹಾಗೆ. ಮೂರು ವಾದ್ಯ ಸೇರಿ ನಾಲ್ಕನೇ ವಾದ್ಯ ಯಾವುದೋ ಊದ್ತಾ ಇರೋ ಹಾಗೆ ಕೇಳತ್ತೆ. 1962ರದ್ದಕ್ಕೆ ಮೊದಲು 1930ರದ್ದು ಒಂದು ಸಲ ಕೇಳಿ.

ಆಮೇಲೆ ಕಾರ್ನಿ. ಬ್ಯಾರಿಟೋನ್ ಸ್ಯಾಕ್ಸೋಫೋನ್ ನೋಡಿದ್ದೀರಾ? ಹೆಗಲಿಗೆ ಹಾಕ್ಕೊಂಡರೆ ಕತ್ತು ಹೋಗತ್ತೆ. ಅದನ್ನ ಅವರು 47 ವರ್ಷ ಒಂದೇ ಬ್ಯಾಂಡಲ್ಲಿ ಊದಿದರು. ಮೂಗಲ್ಲಿ ಉಸಿರು ತಗೋತಾ ಕೆನ್ನೆಯಲ್ಲಿರೋ ಗಾಳಿಯಿಂದ ಊದೋ ವಿದ್ಯೆ ಅವರಿಗೆ ಗೊತ್ತಿತ್ತು, ನಮ್ಮ ಓಲಗದವರು ಮಾಡ್ತಾರಲ್ಲ ಹಾಗೆ, ಒಂದು ಸ್ವರ ಹಿಡಿದರೆ ಬಿಡೋದೇ ಇಲ್ಲ. ಬ್ಯಾಂಡಿನ ಬಸ್ಸು ಬಿಟ್ಟು ಎಲಿಂಗ್ಟನ್ ಊರಿಂದೂರಿಗೆ ಹೋಗ್ತಿದ್ದಿದ್ದು ಕಾರ್ನಿ ಕಾರಿನಲ್ಲಿ, ಕಾರ್ನಿ ಓಡಿಸೋರು, ಇವರು ಪಕ್ಕದ ಸೀಟು. 1974ರ ಮೇ ತಿಂಗಳಲ್ಲಿ ಎಲಿಂಗ್ಟನ್ ಹೋದರು. ಕಾರ್ನಿ ಅಕ್ಟೋಬರಿನಲ್ಲಿ.

ಇನ್ನೇನೂ ಇಲ್ಲ. ಮಗಳಿಗೆ ಅಡುಗೆ ಕೆಲಸ ಇದೆಯಂತೆ.

ಲೂನಾ 96

ಸಾರ್ 🙏 ಇಂಟರ್ನಲ್ಸ್ ಬಿಟ್ಟು ಇದನ್ನೇ ಓದ್ತಿದೀನಿ.

ವೀಣೆ ಮನೆ

ಸಾರ್, ನೀವು ಹೇಳಿದ ಮೇಲೆ ಒಂದು ನೆನಪಾಯ್ತು, ಕದ್ರಿ ಗೋಪಾಲನಾಥ್ ಅವರು ಹುಡುಗ ಆಗಿದ್ದಾಗ ಸ್ಯಾಕ್ಸೋಫೋನ್ ಮೊದಲು ನೋಡಿದ್ದು ನಮ್ಮ ಮೈಸೂರು ಅರಮನೆ ಬ್ಯಾಂಡಿನಲ್ಲೇ ಅಲ್ವಾ? ಅದರ ಹುಚ್ಚು ಹಿಡಿದು ಓಲಗದ ಮನೆತನದ ಹುಡುಗ ಕರ್ನಾಟಕ ಸಂಗೀತ ಅದರಲ್ಲಿ ತಂದ್ರು. ಗಮಕ ಬರ್ಲಿ ಅಂತ ವಾದ್ಯದ ಪ್ಯಾಡುಗಳನ್ನೇ ಬದಲಾಯಿಸಿಕೊಂಡಿದ್ರಂತೆ.

ಸೂಜಿ ಮುಳ್ಳು

ಹೌದು. 1980ರಲ್ಲಿ ಬಾಂಬೆಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನಿನ ಜಾನ್ ಹ್ಯಾಂಡಿ ಜೊತೆ ಊದಿದ್ರು, ಆಮೇಲೆ ಇನ್ನೊಬ್ರು ಸ್ಯಾಕ್ಸೋಫೋನಿನೋರು ರುದ್ರೇಶ್ ಮಹಾಂತಪ್ಪ ಜೊತೆ 'ಕಿನ್ಸ್‌ಮೆನ್' ಅನ್ನೋ ಆಲ್ಬಂ 2008ರಲ್ಲಿ ಬಂತು. ಅದೂ ಕಾಲು ಚಾಚೋಕಲ್ಲ, ಮೊದ್ಲೇ ಹೇಳ್ಬಿಡ್ತೀನಿ.

ಪಿಯಾನೋಗೆ ಬರೋಣ. ಮೈಸೂರಿಗೆ ಪಿಯಾನೋ ಹೊಸದೇನಲ್ಲ, ಜಯಚಾಮರಾಜ ಒಡೆಯರ್ ಸ್ವತಃ ನುಡಿಸ್ತಿದ್ರು, ಲಂಡನ್‌ನಲ್ಲಿ ಮೆಟ್ನರ್ ಅನ್ನೋ ರಷ್ಯನ್ ಪಿಯಾನಿಸ್ಟ್ ಕಷ್ಟದಲ್ಲಿದ್ದಾಗ ದುಡ್ಡು ಕೊಟ್ಟು ಎಚ್‌ಎಂವಿಲಿ ಅವರ ಸಂಗೀತ ಅವರ ಕೈಯಲ್ಲೇ ರೆಕಾರ್ಡ್ ಮಾಡ್ಸಿದ್ರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೋನ ಮಹಾರಾಜರಿಗೇ ಅರ್ಪಿಸಿದಾರೆ. ಅದು ಬರ್ಕೊಟ್ಟಿದ್ದನ್ನ ನುಡ್ಸೋ ಸಂಗೀತ, ಮನೋಧರ್ಮದ್ದಲ್ಲ, ಸರಿ. ಆದ್ರೂ ಪಿಯಾನೋ ಅಂದ್ರೆ ಏನು ಅಂತ ಈ ಊರಿಗೆ ಗೊತ್ತಿತ್ತು.

ಅದಕ್ಕೇ ನನ್ನ ತಕರಾರು ಬಿಡಲ್ಲ. ಹಳೇ ಪಿಯಾನಿಸ್ಟು, ಸಣ್ಣ ಗುಂಪು, ಆರಾಮದ್ದು, ಈ ಮೂರೂ ಬೇಕು ಅಂದ್ರೆ 'ಕೌಂಟ್ ಬೇಸಿ ಅಂಡ್ ದ ಕ್ಯಾನ್ಸಾಸ್ ಸಿಟಿ ಸೆವೆನ್'. ಅದೂ 1962, ಮಾರ್ಚ್, ಅದೇ ಇಂಪಲ್ಸ್. ಬೇಸಿ ನುಡ್ಸೋದು ಎಷ್ಟು ಕಮ್ಮಿ ಅಂದ್ರೆ ಕಾಸು ಎಣಿಸಿ ಕೊಟ್ಟ ಹಾಗೆ, ಟಿಂಕ್, ಟಿಂಕ್, ನಿಲ್ಸಿಬಿಡ್ತಾರೆ. ಅದ್ರಲ್ಲಿ ಗಿಟಾರ್ ಫ್ರೆಡ್ಡಿ ಗ್ರೀನ್, 1937ರಿಂದ ಬೇಸಿ ಜೊತೆ ಇದ್ದೋರು, ಸೋಲೋ ನುಡ್ಸಲ್ಲ, ನಾಲ್ಕು ಎಣಿಕೆಗೆ ನಾಲ್ಕು ಸಲ ತಂತಿ ಎಳೀತಾರೆ, ಜೀವನ ಪೂರ್ತಿ ಅಷ್ಟೇ. ಕೇಳೋವಾಗ ಗೊತ್ತೇ ಆಗಲ್ಲ, ತೆಗೆದ್ರೆ ಗೋಡೆ ಬೀಳತ್ತೆ.

ಮಂಡ್ಯ ಬೆಲ್ಲದಚ್ಚು

ಸೂಜಿಯಣ್ಣ ನೀವೇಳಿದ್ದೂ ಕೇಳ್ದೆ. ವಸಿ ಚುರುಕದೆ ಅದು. ಟಿಂಕ್ ಟಿಂಕ್ ಚೆಂದ. ಆದ್ರೆ ನಂಗೆ ಏರಿಯಣ್ಣಂದೇ ಒಗ್ತು. ಯಾಕೆ ಅಂತೇಳ್ತೀನಿ ಕೇಳಿ. ಬೇಸಿಯಪ್ಪನ್ ತಾವ ಎಲ್ಲರ್ಗೂ ಏನ್ ಮಾಡ್ಬೇಕು ಅಂತ ಗೊತ್ತು, ಗಾಣ ಸುತ್ತುದಂಗೆ ಸುತ್ತುತದೆ, ಒಂದ್ ಚೂರೂ ತಪ್ಪಕ್ಕಿಲ್ಲ. ಎಲಿಂಗ್ಟನ್ ತಾವ ಏನಾಯ್ತದೋ ಅಂತ ಇರ್ತದೆ. ರಾತ್ರಿ ಎರಡು ಗಂಟೇಲಿ ನಿದ್ದೆ ತಡೆಯಕ್ಕೆ ಅದೇ ಬೇಕು. ಒಂಬತ್ತು ಕೊಪ್ಪರಿಗೆ ಇಳಿಸ್ದೋ ಈ ವಾರ, ಒಂದೂ ತಳ ಹತ್ತಿಲ್ಲ.

ಕುಕ್ಕರಹಳ್ಳಿ ಏರಿ

ಸೂಜಿಯವರೇ, ಬೇಸಿ ವಿಷ್ಯದಲ್ಲಿ ಸೋತೆ, ಅದು ನೀವು ಹೇಳಿದ ಮೂರಕ್ಕೂ ಕೂರತ್ತೆ. ಆದ್ರೂ ಎಲಿಂಗ್ಟನ್ ಇಲ್ಲಿ ಪಿಯಾನಿಸ್ಟೇ ಅಲ್ಲ ಅನ್ನೋದನ್ನ ಒಪ್ಪಲ್ಲ. 63ರ ಮನುಷ್ಯ, ಸಾವಿರಾರು ಹಾಡು ಕಟ್ಟಿದೋರು, ಜನ ಅವರೋರು, ಹಾಡು ಬಹುಪಾಲು ಅವರದ್ದು. ಮನಸ್ಸು ಮಾಡಿದ್ರೆ ಎಲ್ಲಾ ಹಾಡಲ್ಲೂ ಮೂರು ನಿಮಿಷ ತಾವೇ ನುಡಿಸ್ಬೋದಿತ್ತು. ನುಡಿಸ್ಲಿಲ್ಲ. ಆದ್ರೆ ಪಿಯಾನೋ ಮುಚ್ಚಿಟ್ಟು 'ಜೀಪ್ ಈಸ್ ಜಂಪಿನ್' ಕೇಳೋಕಾಗತ್ತಾ? ಹಾಡ್ಜಸ್ ಏಳೋಕೆ ಮುಂಚೆ ಪಿಯಾನೋ ಅವರ ಬೆನ್ನಿಗೆ ಒಂದು ಗುದ್ದು ಕೊಡತ್ತೆ, ಏಳು ಅಂತ. ಆ ಗುದ್ದು ಎಲ್ಲಿ ಕೊಡ್ಬೇಕು ಅಂತ ಗೊತ್ತಾಗೋಕೆ 30 ವರ್ಷ ಒಂದೇ ಬಸ್ಸಲ್ಲಿ (ಸರಿ, ಕಾರ್ನಿ ಕಾರಲ್ಲಿ) ಓಡಾಡಿರ್ಬೇಕು. ನಮ್ಮಪ್ಪ ಇಸ್ಪೀಟಾಡೋವಾಗ ಜೊತೆಗಾರರ ಕಡೆ ನೋಡ್ತಾನೇ ಇರ್ಲಿಲ್ಲ, ಎಲೆ ಹಾಕೋ ಸದ್ದಲ್ಲೇ ಅವರ ಕೈಲಿ ಏನಿದೆ ಅಂತ ಹೇಳೋರು.

ಸೂಜಿ ಮುಳ್ಳು

ಇಸ್ಪೀಟು ಪಿಯಾನೋ ಅಲ್ಲ.

ಆದ್ರೆ ಮಳೆಗಾಲಕ್ಕೆ ಇನ್ನೊಂದು ಕೊಡ್ತೀನಿ, ಜಗಳಕ್ಕಲ್ಲ. ಹ್ಯಾಂಕ್ ಜೋನ್ಸ್ ಪಿಯಾನೋ, ಚಾರ್ಲಿ ಹೇಡನ್ ಬೇಸ್, 'ಸ್ಟೀಲ್ ಅವೇ', 1995ರಲ್ಲಿ ಬಂದಿದ್ದು. ಇಬ್ರೇ. ಡ್ರಮ್ಸೂ ಇಲ್ಲ. ಜೋನ್ಸ್ ಹುಟ್ಟಿದ್ದು 1918ರಲ್ಲಿ, ಅಂದ್ರೆ ಎಪ್ಪತ್ತೈದು ದಾಟಿತ್ತು. ಚರ್ಚಲ್ಲಿ ಹಾಡೋ ಭಜನೆಗಳು, ಗುಲಾಮರಾಗಿದ್ದ ಕಪ್ಪು ಜನ ಕಟ್ಕೊಂಡ ಹಾಡುಗಳು, ಒಂದನ್ನೂ ಅಲಂಕಾರ ಮಾಡಿಲ್ಲ, ಹಾಡಿದ ಹಾಗೇ ನುಡ್ಸಿದಾರೆ. 1962ರಲ್ಲಿ ಮರ್ಲಿನ್ ಮನ್ರೋ ಕೆನಡಿಗೆ ಹ್ಯಾಪಿ ಬರ್ತ್‌ಡೇ ಹಾಡಿದ್ದು ಎಲ್ರೂ ನೋಡಿರ್ತೀರ, ಅಲ್ಲಿ ಪಿಯಾನೋ ಹಿಡಿದಿದ್ದೂ ಇದೇ ಹ್ಯಾಂಕ್ ಜೋನ್ಸ್.

ವೀಣೆ ಮನೆ

ಇದು ದೇವರನಾಮ. ಬೇರೇನೂ ಹೇಳಲ್ಲ. ಅಮ್ಮ ಅಡುಗೆ ಮನೆಯಿಂದ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ್ರು.

ಲೂನಾ 96

ಎಲಿಂಗ್ಟನ್ ಇಂಡಿಯಾಗೆ ಬಂದಿದ್ರಾ? ಎಲ್ಲೋ ಓದಿದ ಹಾಗಿದೆ.

ಸೂಜಿ ಮುಳ್ಳು

1963ರಲ್ಲಿ, ಈ ಆಲ್ಬಂ ಆದ ಮುಂದಿನ ವರ್ಷ, ಅಮೆರಿಕ ಸರ್ಕಾರದ ಖರ್ಚಲ್ಲಿ ಬ್ಯಾಂಡ್ ಸಮೇತ. ದೆಹಲಿಲಿ ಎಲಿಂಗ್ಟನ್ ಹುಷಾರು ತಪ್ಪಿ ಮಲಗಿದ್ರು. ಟರ್ಕಿ ತಲುಪೋ ಹೊತ್ತಿಗೆ ಕೆನಡಿ ಕೊಲೆ ಆಯ್ತು, ಟೂರ್ ಅರ್ಧಕ್ಕೆ ನಿಂತೋಯ್ತು. ಆ ಓಡಾಟದಿಂದ ಹುಟ್ಟಿದ್ದು 'ಫಾರ್ ಈಸ್ಟ್ ಸ್ವೀಟ್' ಅನ್ನೋ ಹಾಡುಗಳ ಮಾಲೆ, 1966ರಲ್ಲಿ ರೆಕಾರ್ಡ್ ಆಯ್ತು. ಅದ್ರಲ್ಲಿ 'ಬ್ಲೂಬರ್ಡ್ ಆಫ್ ಡೆಲ್ಲಿ' ಅಂತ ಒಂದಿದೆ. ದೆಹಲಿಲಿ ಸ್ಟ್ರೇಹಾರ್ನ್ ಇದ್ದ ಕಡೆ ಒಂದು ಮೈನಾ ಹಕ್ಕಿ ಅದೇ ರಾಗ ಹಾಡ್ತಿತ್ತಂತೆ, ಅದನ್ನೇ ಕ್ಲ್ಯಾರಿನೆಟ್ಟಿಗೆ ಇಳ್ಸಿದ್ರು. ಊದಿರೋದು ಜಿಮ್ಮಿ ಹ್ಯಾಮಿಲ್ಟನ್.

ವೀಣೆ ಮನೆ

ಮೈನಾ ಅಂದ್ರೆ ನಮ್ಮ ಗೊರವಂಕ ತಾನೇ? ನಮ್ಮ ಸೀಬೆ ಮರದಲ್ಲಿ ಎರಡಿವೆ. ದಿನಾ ಬೆಳಗ್ಗೆ ನನ್ನ ಸರಳೆ ವರಸೆ ಹಾಳು ಮಾಡೋದೇ ಅವುಗಳ ಕೆಲಸ. ಇಷ್ಟು ವರ್ಷ ಕಲ್ಲು ಹೊಡೆದು ಓಡಿಸ್ತಿದ್ದೆ.

ಹಳೇ ಕ್ಲ್ಯಾರಿನೆಟ್

ಅದು ಕೇಳಿದೆ. ಹಕ್ಕಿ ಕೊನೆಗೆ ಒಂದು ಕೊಂಕು ಕೊಡತ್ತಲ್ಲ, ಅದು ಊದೋದು ಸುಲಭ ಅಲ್ಲ. ಪ್ರಯತ್ನ ಪಟ್ಟೆ. ಹಲ್ಲು ಕಟ್ಟಿಸಿದ ಮೇಲೆ ಮೊದಲ ಸಲ ಪೆಟ್ಟಿಗೆಯಿಂದ ವಾದ್ಯ ತೆಗೆದಿದ್ದು.

ಕುಕ್ಕರಹಳ್ಳಿ ಏರಿ

ಸಾರ್ ಹಾಗಾದ್ರೆ ಬನ್ನಿ. ಎಲ್ರಿಗೂ ಹೇಳ್ತಿದೀನಿ, ಈ ಭಾನುವಾರ ಸಂಜೆ 4ಕ್ಕೆ ನಮ್ಮನೇಲಿ, ವಿಳಾಸ ಬೇರೆಯಾಗಿ ಕಳಿಸ್ತೀನಿ. ಆಂಪ್ಲಿಫೈಯರ್ ರಿಪೇರಿಗೆ ಕೊಟ್ಟಿದ್ದೆ, ಮೂರು ವಾರ ಓಡಾಡ್ಸಿ ಒಂದು ಚಾನಲ್ ಉಲ್ಟಾ ಜೋಡ್ಸಿ ಕೊಟ್ರು, ಹಾಡ್ಜಸ್ ಅಡುಗೆ ಮನೆ ಕಡೆಯಿಂದ ಊದ್ತಿದ್ರು. ನಿನ್ನೆ ನಾನೇ ಬಿಚ್ಚಿ ಸರಿ ಮಾಡ್ಕೊಂಡೆ.

ಮಂಡ್ಯ ಬೆಲ್ಲದಚ್ಚು

ಬತ್ತೀನಣ್ಣ, ಮಧ್ಯಾಹ್ನದ ರೈಲಿಗೆ. ಎರಡಚ್ಚು ಬೆಲ್ಲ ತತ್ತೀನಿ, ಕೆಮಿಕಲ್ ಹಾಕಿಲ್ದಿದ್ದು, ಕಪ್ಪಗಿರ್ತದೆ, ನೋಡಿ ಮುಖ ಸಿಂಡರಿಸ್ಬೇಡಿ.

ಕುಕ್ಕರಹಳ್ಳಿ ಏರಿ

ಭಾನುವಾರದ ವರದಿ, ಬರಕ್ಕಾಗದೇ ಇದ್ದೋರಿಗೆ. ಆರು ಜನ ಬಂದಿದ್ರು. ಲೂನಾ ಬಂದಿದ್ದ, ನಾಳೆ ಇಂಟರ್ನಲ್ಸ್ ಇಟ್ಕೊಂಡು. ಆಲ್ಬಂ ಶುರುವಿಂದ ಕೊನೆವರೆಗೂ ಕೇಳಿದ್ವಿ, ಮಾತಿಲ್ಲದೆ. 'ದ ರಿಸಿಟಿಕ್'ನಲ್ಲಿ ನ್ಯಾನ್ಸ್ ಪಿಟೀಲು ತಗೊಂಡಾಗ ಮಾತ್ರ ವೀಣೆ ಮೇಡಂ "ಅಯ್ಯೋ" ಅಂದ್ರು, ಮೆಚ್ಚಿಗೇಗಾ ಅಲ್ವಾ ಗೊತ್ತಾಗ್ಲಿಲ್ಲ. ಸಾಲಿಟ್ಯೂಡ್ ನಡುವೆ ಕರೆಂಟ್ ಹೋಯ್ತು. ಯಾರೂ ಏಳ್ಲಿಲ್ಲ. ಕತ್ತಲಲ್ಲೇ ಕ್ಲ್ಯಾರಿನೆಟ್ ಸಾರ್ ಪೆಟ್ಟಿಗೆ ತೆಗೆದು ಮೂಡ್ ಇಂಡಿಗೋದ ಆ ಕೆಳಗಿನ ಸಾಲು ಒಂದನ್ನೇ ಊದಿದ್ರು, ಮೇಲಿನ ಎರಡು ವಾದ್ಯ ಇಲ್ದೇನೇ. ಎರಡು ಕಡೆ ಉಸಿರು ಸಾಲ್ದೆ ನಿಲ್ಸಿದ್ರು, ಬೆಲ್ಲದಚ್ಚು ಆ ಜಾಗದಲ್ಲಿ ಮೆಲ್ಲಗೆ ಟೀಪಾಯಿ ಮೇಲೆ ಒಂದು ಕೈ ಕೊಟ್ಟ, ಢಣ್ ಅಂತ. ಯಾರೂ ಹೇಳ್ಕೊಟ್ಟಿರ್ಲಿಲ್ಲ.

ಮಂಡ್ಯ ಬೆಲ್ಲದಚ್ಚು

ಟೀಪಾಯಿ ಗಾಜು ವಸಿ ಬಿರುಕು ಬುಟ್ಟದೆ ಅಂತ ಅಕ್ಕ ಹೇಳುದ್ರು. ತಪ್ಪಾಯ್ತಣ್ಣ.

ಸೂಜಿ ಮುಳ್ಳು

ಈಗ್ಲೂ ಹೇಳ್ತೀನಿ, ಅದು ಹಾಕಿನ್ಸ್ ಆಲ್ಬಂ. ಮುಂದಿನ ಭಾನುವಾರ ಮನಿ ಜಂಗಲ್ ಎಲ್‌ಪಿ ತರ್ತೀನಿ. ಟೀಪಾಯಿ ಒಳಗಿಡಿ.